ಹನ್ನೊಂದನೇ ತಟ್ಟೆ

ಮದುವೆಯೋ ಸೀಮಂತವೋ ಹೊಸ ಮನೆ ಪೂಜೆಯೋ, ಏನೇ ಇರಲಿ, ನಾನು ಕೆಂಪು ಬ್ಯಾಗು ಹಿಡಿದು ಒಳಗೆ ಬರುವುದನ್ನು ಕಂಡರೆ ನಮ್ಮ ನೆಂಟರ ಮುಖ ಸಪ್ಪಗಾಗುತ್ತದೆ. ಅವರನ್ನು ದೂರುವ ಹಾಗಿಲ್ಲ. ಬೇರೆಯವರು ಎವರ್‌ಸಿಲ್ವರ್ ಕೊಡ, ಗೋಡೆ ಗಡಿಯಾರ, ದೇವರ ಪಟ ಕೊಡುವ ಜಾಗದಲ್ಲಿ ನಾನು ಟಾರ್ಚು, ಹಗ್ಗ, ಮೇಣದ ಬತ್ತಿ, ಬ್ಯಾಂಡೇಜು, ವಿಸಿಲ್ಲು ಎಲ್ಲ ತುಂಬಿದ ಬ್ಯಾಗು ಕೊಡುತ್ತೇನೆ. ಜೊತೆಗೆ ಐದು ನಿಮಿಷದ ಭಾಷಣವನ್ನೂ ಕೊಡುತ್ತೇನೆ. ಭಾಷಣವನ್ನಾದರೂ ಬಿಡಿ ಎಂದು ಹೆಂಡತಿ ಎಷ್ಟೋ ಸಲ ಹೇಳಿದ್ದಾಳೆ. ಬಿಟ್ಟರೆ ಹೇಗೆ? ಏನು ಎತ್ತ ಎಂದು ತಿಳಿಯದೆ ಅವರು ಅದನ್ನು ಅಟ್ಟದ ಮೇಲೆ ಎಸೆದರೆ ಕೊಟ್ಟು ಏನು ಬಂತು?

ಈ ಹುಚ್ಚು ಹುಟ್ಟಿದ್ದು ನನ್ನ ಮಗ್ಗದ ಕುಣಿಯಲ್ಲಿ. ಸೇಲಂನ ನಮ್ಮ ಬೀದಿಯಲ್ಲಿ ಇನ್ನೂ ನಾಲ್ಕೈದು ಮನೆಗಳಲ್ಲಿ ಕೈಮಗ್ಗ ಆಡುತ್ತಿದೆ. ನೇಯುವವನು ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲಿಳಿಬಿಟ್ಟು ಕೂರಬೇಕು, ತುಳಿಯುವ ಹಲಗೆ ಇರುವುದೇ ಅದರಲ್ಲಿ. ದೀಪಾವಳಿ ಕಳೆದ ಮೇಲೆ ಬಂದ ಒಂದು ಮಳೆಯಲ್ಲಿ ಬೀದಿಯ ಚರಂಡಿ ಉಕ್ಕಿತು. ಮಧ್ಯಾಹ್ನ ನಾನು ನೇಯುತ್ತಾ ಕೂತಿದ್ದವನಿಗೆ ಪಾದ ತಣ್ಣಗಾಯಿತು. ವಯಸ್ಸು ಐವತ್ತು ದಾಟಿತಲ್ಲ, ಸಕ್ಕರೆ ಕಾಯಿಲೆ ಬಂದರೆ ಕಾಲು ಹೀಗೇ ಆಗುತ್ತದೆ ಎಂದು ಯಾರೋ ಹೇಳಿದ್ದು ನೆನಪಾಗಿ, ಇರಲಿ ನಾಳೆ ಡಾಕ್ಟರ ಹತ್ತಿರ ಹೋದರಾಯಿತು ಎಂದುಕೊಂಡು ಇನ್ನೂ ನಾಲ್ಕು ಎಳೆ ಹೊಡೆದೆ. ನೀರು ಮೊಣಕಾಲಿಗೆ ಬಂದ ಮೇಲೇ ಅದು ಕಾಯಿಲೆಯಲ್ಲ ಎಂದು ಗೊತ್ತಾದದ್ದು.

ಅಷ್ಟರಲ್ಲಿ ಕರೆಂಟು ಹೋಯಿತು. ಮೋಡಕ್ಕೆ ಮನೆಯೆಲ್ಲ ಕತ್ತಲು. ಟಾರ್ಚು ಇತ್ತು, ಅದರ ಸೆಲ್ಲು ತುಕ್ಕು ಹಿಡಿದು ಒಳಗೇ ಅಂಟಿಕೊಂಡಿತ್ತು. ಬೆಂಕಿಪೊಟ್ಟಣ ಇತ್ತು, ಒದ್ದೆಯಾಗಿತ್ತು. ಗಂಡ ಹೆಂಡತಿ ಇಬ್ಬರೂ ಮಂಚ ಹತ್ತಿ, ನಡುವೆ ಗ್ಯಾಸ್ ಸಿಲಿಂಡರನ್ನು ಕೂಸಿನ ಹಾಗೆ ಕೂರಿಸಿಕೊಂಡು, ನಮ್ಮ ರೇಷನ್ ಕಾರ್ಡು ಮಗ್ಗದ ಕುಣಿಯಲ್ಲಿ ತೇಲುತ್ತಿರುವುದನ್ನು ನೋಡುತ್ತಾ ಕೂತೆವು. ನೀರು ಇಳಿದ ಎರಡು ದಿನಕ್ಕೆ ಕಾಲೇಜು ಹುಡುಗಿಯರು ಬೀದಿಗೆ ಬಂದು, ಮನೆಯಲ್ಲಿ ಸದಾ ಇಟ್ಟಿರಬೇಕಾದ ಸಾಮಾನಿನ ಒಂದು ಪಟ್ಟಿ ಕೊಟ್ಟು ಹೋದರು. ಉಳಿದವರು ಅದರಲ್ಲಿ ಬೋಂಡ ಕಟ್ಟಿದರು. ನಾನು ಅದನ್ನು ಮಗ್ಗದ ಮೇಲಿನ ಗೋಡೆಗೆ ಅಂಟಿಸಿದೆ. ಅಚ್ಚಾದ ಪಟ್ಟಿ ಎಂದರೆ ನನಗೆ ಮೊದಲಿನಿಂದಲೂ ಭಯಭಕ್ತಿ. ಅದರಲ್ಲಿ ಬ್ಯಾಗು ಕೆಂಪಗಿರಬೇಕು ಎಂದಿತ್ತು, ಕೆಂಪು ಬ್ಯಾಗೇ ತಂದೆ. ಒಂದು ನಮಗೆ. ಆಮೇಲೆ ನಮಗೊಬ್ಬರಿಗೇ ಸಾಕೇ ಎನ್ನಿಸಿತು.

ಮೊದಲನೇ ಬ್ಯಾಗನ್ನು ಹೆಂಡತಿಯ ಕಡೆಯ ಒಂದು ಮದುವೆಯಲ್ಲಿ ಕೊಟ್ಟೆ. ಭಾಷಣ ಆಗ ಇನ್ನೂ ರೂಢಿಯಾಗಿರಲಿಲ್ಲ, ಸುಮ್ಮನೆ ಹೆಣ್ಣಿನ ತಂದೆಯ ಕೈಲಿಟ್ಟು ಊಟಕ್ಕೆ ಕೂತೆ. ಸಾರು ಬಡಿಸುವ ಹೊತ್ತಿಗೆ ಮೈಕಿನಲ್ಲಿ ಕೂಗಿದರು: ಕೆಂಪು ಬ್ಯಾಗು ಬಿಟ್ಟು ಹೋದವರು ಬಂದು ತೆಗೆದುಕೊಂಡು ಹೋಗಬೇಕು. ಮೂರು ಸಲ ಕೂಗಿದರು. ನಾನು ಎಲೆಯಿಂದ ತಲೆ ಎತ್ತಲಿಲ್ಲ. ಭಾಷಣ ಶುರುವಾದದ್ದು ಅಂದಿನಿಂದ.

ಇಷ್ಟೆಲ್ಲ ನಡೆದಿರುವಾಗ ತಾರಮಂಗಲಂ ಆಚೆಯ ಊರಿನಿಂದ ನನ್ನ ತಂಗಿ ಫೋನ್ ಮಾಡಿದಳು.

"ಅಣ್ಣ, ತೈ ತಿಂಗ್ಳಲ್ಲಿ, ಪೊಂಗಲ್ ಕಳೀತಿದ್ದಂಗೆ, ಒಸ ಮನೆ ಪೂಜೆ ಇಟ್ಟಿದೀವಿ. ಸೀರು ತರ್ಬೇಕು."

"ತರ್ತೀನಮ್ಮ."

"ಅನ್ನೊಂದು ತಟ್ಟೆ."

"ಅನ್ನೊಂದು."

ಆಮೇಲೆ ದನಿ ತಗ್ಗಿಸಿದಳು. "ಬ್ಯಾಗು ತರ್ಬೇಡ ಅಣ್ಣ. ಕೈ ಮುಗೀತೀನಿ."

ತಮಿಳುನಾಡಿನಲ್ಲಿ ನೆಲೆಸಿದ ನಮ್ಮ ನೇಕಾರರ ಕನ್ನಡದಲ್ಲಿ ಹಕಾರವಿಲ್ಲ, ಹನ್ನೊಂದು ಅನ್ನೊಂದಾಗುತ್ತದೆ, ಹತ್ತು ಅತ್ತು. ಸೀರು ಎಂದರೆ ನಮ್ಮ ಕಡೆ ತವರಿನವರು ಹೆಣ್ಣಿಗೆ ತರುವ ಸಾಮಾನು. ತಟ್ಟೆಗಳಲ್ಲಿ ಹಣ್ಣು, ಹೂವು, ಸೀರೆ, ಸಿಹಿ ಎಲ್ಲ ಜೋಡಿಸಿ, ಒಬ್ಬೊಬ್ಬರು ಒಂದೊಂದು ಹಿಡಿದು, ಮೇಳದ ಹಿಂದೆ ಬೀದಿಯಲ್ಲಿ ನಡೆದುಕೊಂಡು ಹೋಗಬೇಕು. ತಟ್ಟೆಗಳ ಲೆಕ್ಕ ಬೆಸವಾಗಿರಬೇಕು. ಒಂಬತ್ತು, ಹನ್ನೊಂದು, ಇಪ್ಪತ್ತೊಂದು, ನಿಮ್ಮ ಶಕ್ತಿ. ಸರಿಸಂಖ್ಯೆ ಮಾತ್ರ ಆಗದು. ಒಳಗೆ ಇಳಿಸಿದ ಮೇಲೆ ಗಂಡನ ಮನೆಯ ಹಿರಿಯ ಹೆಂಗಸು ಒಂದೊಂದನ್ನೇ ಮುಟ್ಟಿ ಎಣಿಸುತ್ತಾಳೆ. ಆ ಹೆಣ್ಣಿಗೆ ಆ ಮನೆಯಲ್ಲಿ ಎಷ್ಟು ಮರ್ಯಾದೆ ಎನ್ನುವುದು ಆ ಎಣಿಕೆಯಲ್ಲೇ ತೀರ್ಮಾನವಾಗುತ್ತದೆ.

ತಂಗಿಯ ಮದುವೆಯಲ್ಲಿ ನಾವು ಹನ್ನೊಂದು ತಟ್ಟೆ ಹೊರಡಿಸಿದ್ದೆವು. ಆಗ ವ್ಯಾನು ಹಿಡಿಯುವ ಅನುಕೂಲ ಇರಲಿಲ್ಲ, ಟೌನ್ ಬಸ್ಸಿನಲ್ಲಿ ಹೋದೆವು. ಬಸ್ಸಿಗೆ ತಟ್ಟೆ ಹತ್ತಿಸಿದವನು ನಾನು, ಇಳಿಸಿದವನೂ ನಾನು. ನಮ್ಮ ಕಡೆಯ ಬಸ್ಸಿನಲ್ಲಿ ಕಂಡಕ್ಟರು ಒಂದು ವಿಸಿಲ್ ಹೊಡೆದರೆ ನಿಲ್ಲು ಎಂದು, ಎರಡು ಹೊಡೆದರೆ ಹೊರಡು ಎಂದು ಅರ್ಥ. ನಾನು ಹತ್ತನೇ ತಟ್ಟೆ ಇಳಿಸಿ ತಿರುಗುವಷ್ಟರಲ್ಲಿ ಅವನು ಎರಡು ಹೊಡೆದ. ಬಾಳೆಹಣ್ಣಿನ ತಟ್ಟೆ ಹಿಂದಿನ ಸೀಟಿನಲ್ಲಿ ಕೂತು ಕೊನೇ ಸ್ಟಾಪಿಗೆ ಹೋಯಿತು.

ಹತ್ತು ತಟ್ಟೆ ಎಂದರೆ ಕಡಿಮೆಯೂ ಹೌದು, ಸರಿಸಂಖ್ಯೆಯೂ ಹೌದು. ತಂಗಿಯ ಅತ್ತೆ ಅಂದು ಏನೂ ಅನ್ನಲಿಲ್ಲ. ಆಮೇಲೆ ಇಪ್ಪತ್ತೆರಡು ವರ್ಷ ಅಂದರು. ಆಕೆಯದು ಸಣ್ಣ ದನಿ, ಬೈಗುಳವಿಲ್ಲ, ಕೂಗಾಟವಿಲ್ಲ. ಸಾರಿಗೆ ಉಪ್ಪು ಕಡಿಮೆಯಾದರೆ, "ತಟ್ಟೇನೇ ಕಮ್ಮಿ ತಂದೋರು, ಉಪ್ಪು ಎಲ್ಲಿಂದ ತಂದಾರು" ಅನ್ನುವರು. ಮಗು ಹೆಣ್ಣಾದಾಗಲೂ ಅದೇ ತಟ್ಟೆ. ತಂಗಿ ಈ ಮಾತನ್ನು ನನ್ನ ಹತ್ತಿರ ಎತ್ತಿದ್ದು ಒಂದೇ ಸಲ. "ನೀನು ಬಸ್ಸಲ್ಲಿ ಬಿಟ್ಟ ತಟ್ಟೇಲೇ ನಾನು ದಿನಾ ಉಣ್ತಿದೀನಿ ಅಣ್ಣ" ಎಂದಳು. ನನಗೆ ಆ ದಿನ ಊಟ ಇಳಿಯಲಿಲ್ಲ. ಅದಕ್ಕೇ ಈ ಸಲ ಹನ್ನೊಂದು ಎಂದರೆ ಹನ್ನೊಂದು ಎಂದು ಹಟ ತೊಟ್ಟಿದ್ದೆ.

ತಟ್ಟೆ ಜೋಡಿಸಿದ್ದು ಹೆಂಡತಿ. ನನ್ನನ್ನು ಹತ್ತಿರ ಸೇರಿಸಲಿಲ್ಲ. ನಾನು ನೇಯ್ದ ಸೀರೆಯನ್ನು ಮಾತ್ರ ಇಸಿದುಕೊಂಡು, ಹೊರಗೆ ಹೋಗಿ ವ್ಯಾನಿಗೆ ಕಾಯಿರಿ ಎಂದಳು. ಕಾಯುತ್ತಾ ನಿಂತವನಿಗೆ ಕೈ ತುರಿಸಿತು. ಯಾರೂ ನೋಡದ ಹೊತ್ತು ನೋಡಿ ಒಂದು ಕೆಂಪು ಬ್ಯಾಗನ್ನು ವ್ಯಾನಿನ ಹಿಂದಿನ ಸೀಟಿನ ಕೆಳಗೆ ತಳ್ಳಿದೆ. ಪೂಜೆ ಮುಗಿದು ಎಲ್ಲರೂ ಹೊರಟ ಮೇಲೆ, ಭಾಷಣ ಗೀಷಣ ಇಲ್ಲದೆ, ತಂಗಿಯ ಗಂಡ ಭಾವನ ಕೈಯಲ್ಲಿಟ್ಟು ಬಂದುಬಿಡುವುದು ಎಂದು ನನ್ನ ಲೆಕ್ಕ.

ಬೆಳಗ್ಗೆ ಏಳಕ್ಕೆಲ್ಲ ತಂಗಿಯ ಊರಿನ ಪಿಳ್ಳೆಯಾರ್ ಗುಡಿಯ, ಅಂದರೆ ಗಣಪತಿ ಗುಡಿಯ, ಮುಂದೆ ಇಳಿದೆವು. ಅಲ್ಲಿಂದ ಮೆರವಣಿಗೆ. ನಾದಸ್ವರದವರು ಬಂದು ನಿಂತಿದ್ದರು. ಹೆಂಡತಿ ಗುಡಿಯ ಜಗಲಿಯ ಮೇಲೆ ತಟ್ಟೆಗಳನ್ನು ಸಾಲಾಗಿಟ್ಟು ಎಣಿಸಿ, "ಅನ್ನೊಂದು" ಎಂದು ನನ್ನ ಕಡೆ ನೋಡಿದಳು. ನಾನೂ ಎಣಿಸಿದೆ. ಹನ್ನೊಂದು. ಆಗ ನಮ್ಮ ಚಿಕ್ಕಮ್ಮ, ಎಂಬತ್ತರ ಹತ್ತಿರದವಳು, ಕಣ್ಣಿಗೆ ಕೈ ಅಡ್ಡ ಹಿಡಿದು ತಾನೂ ಎಣಿಸಿದಳು.

"ಆರತಿ ತಟ್ಟೆ ಸೇರ್ಸಿ ಎಣ್ಸಿದೀರಲ್ಲ. ಅದು ಲೆಕ್ಕಕ್ಕೆ ಬರಲ್ಲ ಕಣ್ಲಾ. ಇದು ಅತ್ತು ತಟ್ಟೇನೇ ಆಯ್ತದೆ."

ಹೆಂಡತಿ ಮುಖ ಮುಚ್ಚಿಕೊಂಡಳು. ಹಣ್ಣಿನ ತಟ್ಟೆಯನ್ನು ಎರಡು ಮಾಡೋಣ ಎಂದೆ. ಕುಂಕುಮ ಇಟ್ಟಾದ ಮೇಲೆ ಸೀರು ಒಡೆಯಬಾರದು, ಮನೆ ಒಡೆದ ಹಾಗೆ ಎಂದಳು ಚಿಕ್ಕಮ್ಮ. ಆ ಹೊತ್ತಿಗೆ ಊರಿನಲ್ಲಿ ತೆರೆದಿದ್ದುದು ಗುಡಿಯ ಪಕ್ಕದ ಒಂದು ಹೂವಿನ ಅಂಗಡಿ. ಹೂವಿನ ತಟ್ಟೆ ಆಗಲೇ ಇತ್ತು, ಒಂದೇ ಸಾಮಾನು ಎರಡು ಸಲ ಇಡುವ ಹಾಗಿಲ್ಲ. ನಾದಸ್ವರದವನು ವಾದ್ಯ ಬಾಯಿಗಿಟ್ಟು, ತೆಗೆದು, ಇಟ್ಟು, ನಮ್ಮನ್ನೇ ನೋಡುತ್ತಿದ್ದ.

ನಾನು ವ್ಯಾನಿಗೆ ಹೋಗಿ ಸೀಟಿನ ಕೆಳಗೆ ಕೈ ಹಾಕಿದೆ.

ಹೆಂಡತಿ ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ. ಬ್ಯಾಗನ್ನು ಹಾಗೇ ಹಿಡಿದುಕೊಂಡು ಹೋಗೋಣ ಎಂದೆ. ಬ್ಯಾಗು ತಟ್ಟೆ ಹೇಗಾದೀತು, ಸೀರು ಎಂದರೆ ಒಳಗಿರುವುದು ನಾಲ್ಕು ಜನಕ್ಕೆ ಕಾಣಬೇಕು ಎಂದಳು ಚಿಕ್ಕಮ್ಮ. ಸರಿ, ಹೂವಿನ ಅಂಗಡಿಯವಳಿಂದ ಒಂದು ಬೆತ್ತದ ತಟ್ಟೆ ಕೇಳಿ ತಂದು, ಬ್ಯಾಗನ್ನು ಬಿಚ್ಚಿ ಸುರಿದೆವು. ಸುರಿದ ಮೇಲೆ ನನಗೂ ಮೊದಲ ಸಲ ಕಂಡಿತು. ಬಿಳಿ ಬಟ್ಟೆಯ ಸುರುಳಿಗಳು, ಕತ್ತರಿ, ಹಗ್ಗ. ಶುಭಕಾರ್ಯದ ಮನೆಗೆ ಏನೇನು ತರಬಾರದೋ ಅದನ್ನೆಲ್ಲ ಆ ಕಾಲೇಜು ಹುಡುಗಿಯರು ಪಟ್ಟಿ ಮಾಡಿಕೊಟ್ಟಿದ್ದರು.

"ಒಸ ಮನೆಗೆ ಬಿಳೀ ಬಟ್ಟೆ ತಗೊಂಡು ಓಗ್ತೀರಾ?" ಎಂದಳು ಹೆಂಡತಿ. ಕಣ್ಣಲ್ಲಿ ನೀರಿತ್ತು. ಆದರೆ ಅವಳು ಅಳುತ್ತಾ ಕೂರುವ ಪೈಕಿಯಲ್ಲ. ಆರತಿ ತಟ್ಟೆಯಿಂದ ಒಂದು ಹಿಡಿ ಅರಿಶಿನ ತೆಗೆದು ಗುಡಿಯ ನಲ್ಲಿಯ ನೀರಲ್ಲಿ ಕಲೆಸಿದಳು. ನಮ್ಮಲ್ಲಿ ಬಿಳಿ ಬಟ್ಟೆಯ ತುದಿಗೆ ಅರಿಶಿನ ಸೋಕಿದರೆ ಅದು ಶುಭವಾಗುತ್ತದೆ, ಗಂಡಿಗೆ ಉಡಿಸುವ ಬಿಳಿ ಪಂಚೆಗೂ ಹಾಗೇ ಮಾಡುತ್ತೇವೆ. ಅವಳು ತುದಿಗೆ ನಿಲ್ಲಿಸಲಿಲ್ಲ. ಬ್ಯಾಂಡೇಜುಗಳನ್ನೆಲ್ಲ ಅದ್ದಿ ಹಿಂಡಿ, ಹಳದಿ ಮಾಡಿಟ್ಟಳು. ಕತ್ತರಿಯ ಬಾಯಿ ತೆರೆಯದ ಹಾಗೆ ಮಲ್ಲಿಗೆ ಸುತ್ತಿದಳು. ಹಗ್ಗವನ್ನು ತೆಂಗಿನಕಾಯಿಗೆ ಹಾರದ ಹಾಗೆ ಸುರುಳಿ ಮಾಡಿದಳು. ವಿಸಿಲ್ಲಿನ ಕರಿ ದಾರ ಕಿತ್ತುಹಾಕಿ ಅರಿಶಿನದ ದಾರ ಪೋಣಿಸಿದಳು. ಟಾರ್ಚಿಗೆ, ಮೇಣದ ಬತ್ತಿಗೆ, ಭೇದಿಗೆ ಕುಡಿಯುವ ಉಪ್ಪು ಸಕ್ಕರೆ ಪುಡಿಯ ಪೊಟ್ಟಣಕ್ಕೆ ಸಹ ಒಂದೊಂದು ಕುಂಕುಮದ ಬೊಟ್ಟು ಬಿತ್ತು. ನಾನು ಇಷ್ಟು ದಿನ ಭಾಷಣ ಮಾಡಿ ಸಾಧಿಸಲಾಗದ್ದನ್ನು ಅವಳು ಹತ್ತು ನಿಮಿಷದಲ್ಲಿ ಸಾಧಿಸಿದಳು. ತಟ್ಟೆ ನೋಡಲು ಚೆನ್ನಾಗಿಯೇ ಇತ್ತು.

ಹೊಸ ಮನೆಯ ನಡುಮನೆಯಲ್ಲಿ ತಟ್ಟೆಗಳನ್ನು ಇಳಿಸಿದೆವು. ತಂಗಿ ಬಾಗಿಲ ಬಳಿ ನಿಂತಿದ್ದಳು. ಹತ್ತನೆಯದರವರೆಗೂ ಅವಳ ಮುಖ ಅರಳಿಕೊಂಡೇ ಬಂತು. ಹನ್ನೊಂದನೆಯದನ್ನು ಹೊತ್ತವನು ನಾನು. ಅವಳು ಅದನ್ನು ನೋಡಿ, ನನ್ನನ್ನು ನೋಡಿ, ಗೋಡೆಯ ಕಡೆ ತಿರುಗಿದಳು.

ಅವಳ ಅತ್ತೆ ಮಣೆಯ ಮೇಲೆ ಕೂತು ಎಣಿಸಲು ಶುರುಮಾಡಿದರು. ಆಕೆಗೆ ಈಗ ವಯಸ್ಸಾಗಿ ಮೊದಲೇ ಸಣ್ಣದಿದ್ದ ದನಿ ಇನ್ನೂ ಕುಗ್ಗಿತ್ತು, ಕೇಳಿಸಿಕೊಳ್ಳಲು ಎಲ್ಲರೂ ಬಗ್ಗಬೇಕು. ಹಾಗಾಗಿ ನಡುಮನೆಯಲ್ಲಿದ್ದವರೆಲ್ಲ ಬಗ್ಗಿದರು. ಸೀರೆಯ ಅಂಚನ್ನು ಉಜ್ಜಿ ನೋಡಿ ತಲೆಯಾಡಿಸಿದರು. ಹನ್ನೊಂದನೆಯದಕ್ಕೆ ಬಂದು ಕೈ ನಿಂತಿತು.

"ಇದೇನಪ್ಪ?"

"ಟಾರ್ಚು ಅತ್ತೆ. ಕರೆಂಟು ಓದ್ರೆ ಬೇಕಾಯ್ತದೆ."

ಅವರು ಹಗ್ಗವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.

"ನೀರು ಬಂದ್ರೆ ಇಡ್ಕೊಂಡು ದಾಟೋಕೆ" ಎಂದೆ.

"ನೀರು?" ಎಂದರು. "ಎಂಟ್ನೂರು ಅಡಿ ಬೋರ್ ಆಕಿದೀವಿ. ಬರೀ ದೂಳು ಬಂತು. ಈ ಊರ್ಗೆ ನೀರು ಬಂದ್ರೆ ನಾವ್ಯಾರೂ ಓಡಲ್ಲ ಕಣಪ್ಪ. ಮೇಳ ಇಟ್ಟು ಕರ್ಕೊಂಡ್ ಬರ್ತೀವಿ."

ನಡುಮನೆಯಲ್ಲಿ ನಗು ಎದ್ದಿತು. ಭಾವನೂ ನಕ್ಕ. ನಾನೂ ಹಲ್ಲು ಕಿರಿದೆ, ಆದರೆ ತಂಗಿಯ ಬೆನ್ನು ಕಾಣುತ್ತಿತ್ತು. ಆಕೆ ಬಿಡಲಿಲ್ಲ, ಒಂದೊಂದನ್ನೇ ಎತ್ತಿ ಕೇಳಿದರು, ನಾನು ಒಂದೊಂದನ್ನೇ ಹೇಳಿದೆ. ನನ್ನ ಬದುಕಿನ ಅತಿ ದೀರ್ಘ ಭಾಷಣ ಅದು, ನಾನಾಗಿ ಮಾಡಿದ್ದಲ್ಲ. ಕೊನೆಗೆ ವಿಸಿಲ್ಲು.

"ಎಲ್ಲಾದ್ರೂ ಸಿಕ್ಕಾಕ್ಕೊಂಡ್ರೆ ಅತ್ತೆ, ಕೂಗೋಕೆ ದನಿ ಇಲ್ದಿದ್ರೆ, ಊದುದ್ರೆ ಆಯ್ತು. ಜನ ಬರ್ತಾರೆ."

ಆಕೆ ಅದನ್ನು ತಿರುಗಿಸಿ ನೋಡಿ, ಸೆರಗಿನಲ್ಲಿ ಒರೆಸಿ, ಬಾಯಿಗಿಟ್ಟು ಊದಿದರು. ಆ ಸಣ್ಣ ಮೈಯಲ್ಲಿ ಅಷ್ಟು ಉಸಿರು ಎಲ್ಲಿತ್ತೋ. ಹೊರಗೆ ನಾದಸ್ವರ ನಿಂತುಹೋಯಿತು. ಅಡುಗೆಯವರು ಸೌಟು ಹಿಡಿದುಕೊಂಡೇ ಓಡಿಬಂದರು. ಮಹಡಿಯ ಮೇಲಿದ್ದ ಮೊಮ್ಮಗಳು ಕೆಳಗೆ ಇಣುಕಿ ನೋಡಿದಳು. ಎಲ್ಲರೂ ಆಕೆಯನ್ನೇ ನೋಡುತ್ತಾ ನಿಂತರು. ಮನೆ ಯಜಮಾನಿ ಎಷ್ಟು ವರ್ಷದ ಮೇಲೆ ಒಂದೇ ಸಲಕ್ಕೆ ಎಲ್ಲರನ್ನೂ ಕರೆದಿದ್ದರೋ ಏನೋ, ಆಕೆಯ ಮುಖದಲ್ಲಿ ಒಂದು ಕಳೆ ಬಂತು.

"ಇದು ನಂಗೆ" ಎಂದು ಅರಿಶಿನದ ದಾರವನ್ನು ಕೊರಳಿಗೆ ಹಾಕಿಕೊಂಡರು.

"ತಟ್ಟೆ ಅತ್ತೆ?" ಎಂದೆ. ಕೇಳಬಾರದಿತ್ತು, ಕೇಳಿದೆ. "ಅನ್ನೊಂದು ಆಯ್ತಲ್ಲ?"

"ಅತ್ತು ಆಯ್ತು. ಇದು ತಟ್ಟೆಯೋ ಅಲ್ವೋ, ಆಮೇಲೆ ತಿಳಿಸ್ತೀನಿ" ಎಂದು ಎದ್ದರು.

ಊರಿಗೆ ಮರಳುವಾಗ ನನಗೆ ನಾಚಿಕೆಯೂ ಆಗಿತ್ತು, ಆ ಮುದುಕಿಯ ಮೇಲೆ ಹೇಳಲಾರದ ಸಿಟ್ಟೂ ಬಂದಿತ್ತು. ಎರಡನೇ ಸಲವೂ ತಂಗಿಯ ಮಾನವನ್ನು ಸ್ಟಾಪಿನಲ್ಲಿ ಇಳಿಸದೆ ಬಂದ ಹಾಗಾಯಿತು.

ಒಂದು ವಾರಕ್ಕೆ ಅವಳ ಫೋನು ಬಂತು.

"ಅಣ್ಣ, ಅತ್ತು ತಟ್ಟೇನೇ ಕೊಟ್ಟು ಓಗಿದ್ರೆ ಬರೀ ಮಾತಲ್ಲಿ ಮುಗೀತಿತ್ತು. ಈಗ ಪೀಪಿ ಐತೆ."

ವಿಸಿಲ್ಲಿಗೆ ಆಕೆ ಒಂದು ಕ್ರಮ ಮಾಡಿಕೊಂಡಿದ್ದರು. ಒಂದು ಊದಿದರೆ ಕಾಪಿ. ಎರಡು ಊದಿದರೆ ಇಲ್ಲಿ ಬಾ. ಮೂರು ಊದಿದರೆ ಗೇಟಿನ ಹತ್ತಿರ ಯಾರೋ ನೋಡು. ಹೊಸ ಮನೆ ದೊಡ್ಡದು, ಮೊದಲಿನ ಹಾಗೆ ಗೊಣಗಿದರೆ ಅಡುಗೆಮನೆಗೆ ಕೇಳುತ್ತಿರಲಿಲ್ಲ, ಈಗ ಎರಡು ಬೀದಿಗೆ ಕೇಳುತ್ತಿತ್ತು. ತಂಗಿ ಮಿಂದು ತಲೆ ಒರೆಸುವಷ್ಟರಲ್ಲಿ ಎರಡು ವಿಸಿಲ್ಲು. ಮಗ್ಗದಲ್ಲಿ ಕೂತರೆ ಒಂದು ವಿಸಿಲ್ಲು. ಪಕ್ಕದ ಮನೆಯವರು, "ಓಗಮ್ಮ, ನಿಮ್ಮತ್ತೆಗೆ ಕಾಪಿ" ಎಂದು ಇವಳಿಗೇ ತಿಳಿಸುವ ಮಟ್ಟಕ್ಕೆ ಬಂದಿತ್ತು. ಬ್ಯಾಗಿನ ಉಳಿದ ಸಾಮಾನನ್ನು ಕುಂಕುಮ ಬಿದ್ದದ್ದು ಎಂದು ದೇವರ ಗೂಡಿನಲ್ಲಿಟ್ಟಿದ್ದರು. ಯಾರೂ ಮುಟ್ಟುವ ಹಾಗಿಲ್ಲ. ಮುಟ್ಟುವ ಹಾಗಿದ್ದದ್ದು ವಿಸಿಲ್ಲು ಒಂದೇ.

"ತಟ್ಟೆ ಮಾತು ಎತ್ತಿದ್ರಾ?" ಎಂದು ಕೇಳಿದೆ.

"ಇಲ್ಲ. ಊದೋಕೇ ಒತ್ತು ಸಾಲ್ದು ಅವ್ರಿಗೆ."

ಮುಂದಿನ ಫೋನು ಇನ್ನೂ ಕೆಟ್ಟದ್ದು. ಮನೆಯ ಎದುರೇ ಮಿನಿ ಬಸ್ಸಿನ ಸ್ಟಾಪು. ತಾರಮಂಗಲಂಗೆ ಹೋಗುವ ಬಸ್ಸು ದಿನಕ್ಕೆ ಆರು ಸಲ ಬಂದು ನಿಲ್ಲುತ್ತದೆ. ಜನ ಇನ್ನೂ ಹತ್ತುತ್ತಿರುವಾಗ ಒಳಗಿನಿಂದ ಅತ್ತೆ ಸೊಸೆಯನ್ನು ಕರೆಯಲು ಎರಡು ಊದುವರು. ಡ್ರೈವರು ಕಂಡಕ್ಟರೇ ಹೊಡೆದ ಎಂದು ಗಾಡಿ ಎತ್ತುವನು. ಒಂದು ದಿನ ಕಂಡಕ್ಟರೇ ಕೆಳಗಿದ್ದ, ಅವನನ್ನು ಬಿಟ್ಟೇ ಬಸ್ಸು ಹೋಯಿತು. ಇನ್ನೊಂದು ದಿನ ಬಸ್ಸು ವೇಗ ಹಿಡಿದಾಗ ಕಾಪಿಗೆ ಒಂದು ಊದಿದರು. ಬ್ರೇಕು ಬಿದ್ದು, ನಿಂತಿದ್ದವರೆಲ್ಲ ಕೂತಿದ್ದವರ ಮಡಿಲಿಗೆ ಬಂದರು.

ಕಂಡಕ್ಟರು ಮನೆಗೇ ಬಂದ. ತಮಿಳರವನು, ಒಳ್ಳೆಯ ಹುಡುಗನಂತೆ. "ಪಾಟಿ, ನೀಂಗಳೇ ವಿಸಿಲ್ ಅಡಿಚ್ಚಾ, ನಾನ್ ಎದುಕ್ಕು?" ಎಂದು ಕೇಳಿದ. ಅಜ್ಜೀ, ನೀವೇ ಊದಿದರೆ ನಾನು ಯಾತಕ್ಕೆ ಎಂದು. ಅತ್ತೆ ಅವನನ್ನು ಕೂರಿಸಿ, ಕೊರಳ ವಿಸಿಲ್ಲು ಎತ್ತಿ ಒಂದು ಊದಿದರು. ತಂಗಿ ಅವನಿಗೆ ಕಾಪಿ ತಂದುಕೊಟ್ಟಳು. ಕಡೆಗೆ ಒಂದು ಒಪ್ಪಂದವಾಯಿತು. ಬಸ್ಸು ಬರುವ ಆರು ಹೊತ್ತೂ ಆಕೆ ವಿಸಿಲ್ಲು ಮುಟ್ಟಬಾರದು. ಆಕೆ ಮಾತಿಗೆ ತಪ್ಪದವರು, ಮುಟ್ಟಲಿಲ್ಲ. ತಂಗಿಗೆ ದಿನಕ್ಕೆ ಆರು ಸಲ ಐದೈದು ನಿಮಿಷ ಬಿಡುವು ಸಿಕ್ಕಿತು. ಅಷ್ಟರಲ್ಲೇ ತನ್ನ ನೇಯ್ಗೆಯೆಲ್ಲ ಆಗಬೇಕು ಎಂದು ನನಗೆ ಫೋನಿನಲ್ಲಿ ಹೇಳಿದಳು. ಬೈಯುವುದಕ್ಕೂ ಅದೇ ಹೊತ್ತನ್ನು ಬಳಸುತ್ತಿದ್ದಳು.

ಆಡಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ಒಂದು ಬೆಳಗ್ಗೆ ಹತ್ತೂವರೆಯ ಸುಮಾರಿಗೆ ಫೋನು ಬಂತು. ತಂಗಿಯದಲ್ಲ, ಭಾವನದು. ತಂಗಿ ಬಿದ್ದಿದ್ದಾಳೆ, ಆಸ್ಪತ್ರೆಯಲ್ಲಿದ್ದಾಳೆ, ಬಾ ಎಂದ. ನಾನು ಬಸ್ಸು ಹತ್ತಿದೆ. ಕೈಯಲ್ಲಿ ಕೆಂಪು ಬ್ಯಾಗಿತ್ತು. ಯಾವಾಗ ತೆಗೆದುಕೊಂಡೆನೋ ನನಗೇ ಗೊತ್ತಿಲ್ಲ.

ನಡೆದದ್ದನ್ನು ಆಮೇಲೆ ಕಂಡಕ್ಟರೂ ಭಾವನೂ ಸೇರಿ ಹೇಳಿದರು. ಭಾವ ಹೊಲದಲ್ಲಿದ್ದ, ಮಗಳು ಕಾಲೇಜಿಗೆ ಹೋಗಿದ್ದಳು. ತಂಗಿ ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದಳು. ಕಾಲು ಮುರಿದು, ತಲೆಗೂ ಪೆಟ್ಟಾಗಿ, ಎಚ್ಚರ ತಪ್ಪಿತ್ತು. ಅತ್ತೆ ಒಳಗಿನಿಂದ ಒಂದು ಊದಿದರು, ಕಾಪಿ ಬರಲಿಲ್ಲ. ಎರಡು ಊದಿದರು, ಸೊಸೆ ಬರಲಿಲ್ಲ. ಗೋಡೆ ಹಿಡಿದು ಹಿತ್ತಲ ಬಾಗಿಲಿಗೆ ಬಂದು ನೋಡಿದರು. ಆಮೇಲೆ ಬಿಡದೆ ಊದಿದರು. ಬೀದಿಯಲ್ಲಿ ಒಬ್ಬರೂ ತಿರುಗಲಿಲ್ಲ. ಆರು ತಿಂಗಳು ಕಾಪಿಗೆ ಊದಿದ ವಿಸಿಲ್ಲು ಅದು, ಯಾರು ತಿರುಗಿಯಾರು. ಪಕ್ಕದ ಮನೆಯವಳು, ಪಾಪ, ಇವತ್ತು ಕಾಪಿ ತಡವಾಯಿತು ಎಂದುಕೊಂಡಳಂತೆ.

ಆಗ ಬಸ್ಸಿನ ಸದ್ದು ಕೇಳಿತು. ಊದಬಾರದ ಹೊತ್ತು. ಆಕೆ ನಡುಮನೆ ದಾಟಿ, ಮೂರು ಮೆಟ್ಟಿಲು ಕೂತು ಕೂತು ಇಳಿದು, ಗೇಟಿಗೆ ಬರುವಷ್ಟರಲ್ಲಿ ಬಸ್ಸು ಜನ ಹತ್ತಿಸಿಕೊಂಡು ಹೊರಟಿತ್ತು. ಒಂದೇ ಒಂದು ಊದಿದರು. ಉದ್ದಕ್ಕೆ. ಬಸ್ಸು ನಿಂತಿತು.

ಕಂಡಕ್ಟರು ಬಾಯಿ ತುಂಬ ಬೈಗುಳ ತುಂಬಿಕೊಂಡೇ ಇಳಿದುಬಂದ. ಆಕೆಗೆ ದನಿ ಹೊರಡಲಿಲ್ಲ. ಅವನ ಚೀಲದ ಪಟ್ಟಿ ಹಿಡಿದು ಎಳೆದುಕೊಂಡು ಹಿತ್ತಲಿಗೆ ಹೋದರು. ಹೋಗುತ್ತಾ ದೇವರ ಗೂಡಿನ ಮುಂದೆ ನಿಂತು, ಕುಂಕುಮ ಬಿದ್ದ ಹಳದಿ ಬ್ಯಾಂಡೇಜನ್ನು ತಾವೇ ತೆಗೆದುಕೊಟ್ಟರು. ಮಗ್ಗದ ಒಂದು ಹಲಗೆ ಇಟ್ಟು ಆ ಬ್ಯಾಂಡೇಜಿನಿಂದಲೇ ಕಾಲು ಕಟ್ಟಿದರು. ನಾಲ್ಕು ಜನ ಪ್ರಯಾಣಿಕರು ಇವಳನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದರು. ಬಸ್ಸು ದಾರಿಯ ಒಂದು ಸ್ಟಾಪಿನಲ್ಲೂ ನಿಲ್ಲದೆ ತಾರಮಂಗಲಂ ಆಸ್ಪತ್ರೆಯ ಬಾಗಿಲಿಗೇ ಹೋಯಿತು. ಅತ್ತೆ ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರಂತೆ, ಮುಂದೆ ಯಾರಾದರೂ ಅಡ್ಡ ಬಂದರೆ ಎಂದು ವಿಸಿಲ್ಲನ್ನು ಬಾಯಲ್ಲೇ ಇಟ್ಟುಕೊಂಡು.

ನಾನು ಹೋದಾಗ ತಂಗಿಗೆ ಎಚ್ಚರವಾಗಿತ್ತು, ಕಾಲಿಗೆ ಕಟ್ಟು ಹಾಕಿದ್ದರು. ಡಾಕ್ಟರು ಗಾಬರಿಯಿಲ್ಲ ಎಂದಿದ್ದರು. ನರ್ಸು ಆ ಹಳದಿ ಬ್ಯಾಂಡೇಜನ್ನು ಬೆರಳಲ್ಲಿ ಹಿಡಿದು, ಇದು ಯಾವ ಕಂಪನಿಯದು ಎಂದು ಭಾವನನ್ನು ಕೇಳುತ್ತಿದ್ದಳು. ವಾರ್ಡಿನ ಹೊರಗಿನ ಬೆಂಚಿನಲ್ಲಿ ಅತ್ತೆ ಕೂತಿದ್ದರು. ಸುತ್ತ ಅವರ ಕಡೆಯ ನೆಂಟರು ಏಳೆಂಟು ಜನ ಸೇರಿದ್ದರು. ಆಕೆ ನನ್ನ ಕೈಯನ್ನು ನೋಡಿದರು.

"ಬ್ಯಾಗು ತಂದ್ಯಾ?"

"ತಂದೆ ಅತ್ತೆ." ನನಗೆ ನಾಚಿಕೆಯಾಯಿತು.

"ಅದ್ರೊಳ್ಗೆ ಪೀಪಿ ಐತಾ?"

"ಐತೆ."

"ಅವ್ಳಿಗೆ ಕೊಡು." ಕೊರಳ ದಾರವನ್ನು ಹಿಡಿದುಕೊಂಡರು. "ಬಿದ್ದೋಳು ಅವ್ಳು. ಪೀಪಿ ನನ್ ಕೊರಳಲ್ಲಿ."

ನೆಂಟರಲ್ಲೊಬ್ಬಳಿಗೆ ಈ ಕತೆ ಪೂರ್ತಿ ಗೊತ್ತಿರಲಿಲ್ಲ. ಈ ವಿಸಿಲ್ಲು ಎಲ್ಲಿಂದ ಬಂತು ಎಂದು ಕೇಳಿದಳು. ಎಲ್ಲರೂ ಬಗ್ಗಿದರು, ಆಕೆಯ ದನಿ ಕೇಳಬೇಕಲ್ಲ. ನಾನೂ ಬಗ್ಗಿದೆ.

"ಅವ್ಳ ತವರಿಂದ ಬಂದಿದ್ದು" ಎಂದರು. "ಅನ್ನೊಂದು ತಟ್ಟೆ ತಂದಿದ್ರು. ಇದು ಅನ್ನೊಂದ್ನೇದು."

ವಾರ್ಡಿನ ಬಾಗಿಲು ತೆರೆದೇ ಇತ್ತು. ತಂಗಿ ಅಳುತ್ತಿದ್ದಳು. ನರ್ಸು ಏನಾಯಿತು ಎಂದು ಕೇಳಿದರೆ ಕಾಲು ನೋವು ಎಂದಳು. ನಾನು ಬ್ಯಾಗಿನಿಂದ ವಿಸಿಲ್ಲು ತೆಗೆದು ಅವಳ ಅಂಗೈಯಲ್ಲಿಟ್ಟು, ಹೇಳಬೇಕೆಂದುಕೊಂಡದ್ದು ಒಂದೂ ಹೊರಡದೆ, ಹಾಗೇ ನಿಂತೆ. ಭಾಷಣ ಬಾರದಿದ್ದದ್ದು ನನಗೆ ಅದೇ ಮೊದಲು.

ಈಗ ಅವಳು ಮನೆಯಲ್ಲಿದ್ದಾಳೆ. ಇನ್ನೂ ಒಂದು ತಿಂಗಳು ಕಾಲೂರುವ ಹಾಗಿಲ್ಲ. ಮುಂದಿನ ಕೋಣೆಯಲ್ಲಿ ಅತ್ತೆ, ಹಿಂದಿನ ಕೋಣೆಯಲ್ಲಿ ಸೊಸೆ, ಇಬ್ಬರೂ ಮಂಚದ ಮೇಲೆ. ಕಾಪಿ ಕಾಯಿಸುವುದು ಭಾವ, ಒಂದು ವ್ಯತ್ಯಾಸವಿಲ್ಲದೆ ಇಬ್ಬರಿಗೂ ಉಪ್ಪು ಹಾಕಿದ ಹಾಗಿರುತ್ತದಂತೆ. ನಿನ್ನೆ ಫೋನಿನಲ್ಲಿ ಮಾತಾಡುತ್ತಿದ್ದಾಗ ದೂರದಿಂದ ಒಂದು ವಿಸಿಲ್ಲು ಕೇಳಿತು. "ಇರಣ್ಣ" ಎಂದು ತಂಗಿ ಫೋನು ಕೆಳಗಿಟ್ಟಳು. ನನ್ನ ಕಿವಿ ಹರಿಯುವ ಹಾಗೆ ಅವಳೂ ಒಂದು ಊದಿದಳು.

"ಏನಂತೆ? ಕಾಪಿನಾ?" ಎಂದು ಕೇಳಿದೆ.

"ಅಲ್ಲ ಅಣ್ಣ" ಎಂದಳು. "ಇದೀಯಾ ಅಂತ ಕೇಳ್ತಾರೆ. ಇದೀನಿ ಅಂದೆ."